ಅವನು ಒಳ್ಳೆಯವನೆಂದು ಸಾಕ್ಷಿ ಹೇಳಿದವರು ಯಾರು?

2019ರ ಈದುಲ್ ಫಿತ್ರ್ ಕಳೆದು ಒಂದು ವಾರವೂ ಆಗಿರಲಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ಮುಚ್ಚಿದ ಆಭರಣ ಮಳಿಗೆಯೊಂದರ ಮುಂದೆ ಸಾವಿರಾರು ಮಂದಿ ಬಂದು ನಿಂತಿದ್ದರು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಹೂಡಿದ ತಂದೆಯಂದಿರು, ನಿವೃತ್ತಿಯ ದಿನ ಕೈಗೆ ಬಂದ ಮೊತ್ತವನ್ನು ಹಾಗೆಯೇ ಒಪ್ಪಿಸಿದ ಹಿರಿಯರು, ಒಡವೆ ಮಾರಿ ಹಣ ಕಟ್ಟಿದ ವಿಧವೆಯರು ಅಲ್ಲಿದ್ದರು. ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಎಂಬ ಹೆಸರಿನ ಆ ಸಂಸ್ಥೆಯ ಸ್ಥಾಪಕ ಅಷ್ಟರಲ್ಲಿ ದುಬೈ ಸೇರಿದ್ದ. ಕೆಲವೇ ವಾರಗಳಲ್ಲಿ 40 ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ಜುಲೈ 19ರಂದು ದೆಹಲಿಗೆ ಮರಳಿದ ಆತನನ್ನು ಜಾರಿ ನಿರ್ದೇಶನಾಲಯವು ಬಂಧಿಸಿತು. ಮೊದಲು ರಾಜ್ಯದ ವಿಶೇಷ ತನಿಖಾ ತಂಡ, ಅನಂತರ ಸಿಬಿಐ ತನಿಖೆ ನಡೆಸಿತು. ಹಗರಣದ ಗಾತ್ರ ಸುಮಾರು 4,000 ಕೋಟಿ ರೂಪಾಯಿ ಎಂಬ ಲೆಕ್ಕ ಹೊರಬಿತ್ತು. ಹಣ ಕಳಕೊಂಡವರಲ್ಲಿ ಬಹುಪಾಲು ಮಂದಿ ಮುಸ್ಲಿಮರು.

ಅಂದಿನಿಂದ ಇಂದಿನವರೆಗೂ ನಮ್ಮ ಸಮುದಾಯದಲ್ಲಿ ಈ ಕುರಿತು ಕೇಳಿಬರುವ ಮಾತು ಒಂದೇ: ನಾವು ಮೋಸ ಹೋದೆವು. ಸರಕಾರ ಎಚ್ಚರ ವಹಿಸಲಿಲ್ಲ, ಪೊಲೀಸರು ಕಣ್ಣು ಮುಚ್ಚಿಕೊಂಡರು, ಅಧಿಕಾರಿಗಳು ಮಾರಾಟವಾದರು. ಈ ದೂರುಗಳಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ಲಂಚ ಪಡೆದ ಆರೋಪದಲ್ಲಿ ಅಧಿಕಾರಿಗಳೂ ಬಂಧಿತರಾದರು. ಮಾಜಿ ಸಚಿವರೊಬ್ಬರನ್ನು 2020ರ ನವೆಂಬರ್‌ನಲ್ಲಿ ಸಿಬಿಐ ಬಂಧಿಸಿತು. ಅವರು ಆರೋಪವನ್ನು ನಿರಾಕರಿಸಿದ್ದರು. ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ಪತ್ರಿಕೆಯದ್ದಲ್ಲ. ಆದರೆ ನ್ಯಾಯಾಲಯದ ಮುಂದೆ ಎಂದೂ ಬಾರದ ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳಬೇಕಾದವರು ನಾವೇ. ಆತ ಒಳ್ಳೆಯವನೆಂದು, ನಂಬಿಗಸ್ತನೆಂದು, ಅಲ್ಲಾಹನನ್ನು ಭಯಪಡುವವನೆಂದು ಆ ವಿಧವೆಯರಿಗೆ ಹೇಳಿದವರು ಯಾರು?

ಅವರಿಗೆ ಪತ್ರಿಕೆಯ ಜಾಹೀರಾತು ಮಾತ್ರ ಹೇಳಲಿಲ್ಲ. ಮೊಹಲ್ಲಾದ ಹಿರಿಯರು ಹೇಳಿದರು. ಸಂಬಂಧಿಕರು ಹೇಳಿದರು. ಧಾರ್ಮಿಕ ವೇದಿಕೆಯಲ್ಲಿ ಆತನ ಪಕ್ಕದಲ್ಲಿ ಕುಳಿತವರು ಬಾಯಿ ಬಿಡದೆಯೇ ಹೇಳಿದರು. ಇವರೆಲ್ಲರ ಕೈಯಲ್ಲಿದ್ದ ಪುರಾವೆಯಾದರೂ ಏನು? ಆತ ಸರಕಾರಿ ಶಾಲೆಯೊಂದರ ಕಟ್ಟಡವನ್ನು ನವೀಕರಿಸಿಕೊಟ್ಟ. ಬಡವರಿಗೆ ನೆರವಾದ. ಆತನ ಮಾತಿನಲ್ಲಿ ಹಲಾಲ್, ಬರಕತ್ ಎಂಬ ಪದಗಳಿದ್ದವು. ವಿದ್ವಾಂಸರನ್ನು ಗೌರವಿಸುತ್ತಿದ್ದ. ಇವೆಲ್ಲ ಒಳ್ಳೆಯ ಸಂಗತಿಗಳೇ. ಆದರೆ ಇವುಗಳಲ್ಲಿ ಒಂದಾದರೂ ಇತರರ ಹಣವನ್ನು ಆತ ಹೇಗೆ ನಿರ್ವಹಿಸುತ್ತಾನೆ ಎಂಬುದಕ್ಕೆ ಸಾಕ್ಷಿಯೇ?

ಎರಡನೆಯ ಖಲೀಫ ಹ. ಉಮರ್(ರ)ರ ಕುರಿತು ಪ್ರಸಿದ್ಧವಾದ ಒಂದು ಘಟನೆಯನ್ನು ನಮ್ಮ ಖತೀಬರು ಆಗಾಗ ಹೇಳುತ್ತಾರೆ. ಒಬ್ಬಾತನ ಪರವಾಗಿ ಸಾಕ್ಷಿ ಹೇಳಲು ಇನ್ನೊಬ್ಬ ಮುಂದೆ ಬಂದ. ಉಮರ್(ರ) ಅವನನ್ನು ಮೂರು ಪ್ರಶ್ನೆ ಕೇಳಿದರು. ನೀನು ಅವನ ನೆರೆಮನೆಯವನೇ, ಅವನು ಹೋಗಿ ಬರುವುದನ್ನು ಬಲ್ಲೆಯಾ? ಇಲ್ಲವೆಂದ. ಅವನ ಜೊತೆ ಪ್ರಯಾಣ ಮಾಡಿದ್ದೀಯಾ? ಇಲ್ಲವೆಂದ. ದೀನಾರ್ ದಿರ್ಹಮ್‌ಗಳ ವ್ಯವಹಾರ ನಡೆಸಿದ್ದೀಯಾ? ಅದೂ ಇಲ್ಲವೆಂದ. ಹಾಗಾದರೆ ಮಸೀದಿಯಲ್ಲಿ ನಮಾಝ್‌ನಲ್ಲಿ ತಲೆ ಬಾಗಿಸುವುದನ್ನು, ಎತ್ತುವುದನ್ನು ಕಂಡಿರಬೇಕು ಎಂದರು. ಹೌದೆಂದ. ನಿನಗೆ ಅವನ ಪರಿಚಯವಿಲ್ಲ, ಹೋಗು ಎಂಬರ್ಥದ ಮಾತು ಹೇಳಿ ಉಮರ್(ರ) ಆ ಸಾಕ್ಷಿಯನ್ನು ತಳ್ಳಿಹಾಕಿದರು.

ಈ ಘಟನೆಯನ್ನು ಕೇಳಿ ನಾವು ಸುಬ್‌ಹಾನಲ್ಲಾಹ್ ಎನ್ನುತ್ತೇವೆ. ಮಸೀದಿಯಿಂದ ಹೊರಬಂದು, ಸಾಲಿನಲ್ಲಿ ಪಕ್ಕದಲ್ಲಿ ನಿಂತ ಅಪರಿಚಿತನ ಕೈಗೆ ಹತ್ತು ಲಕ್ಷ ಕೊಡುತ್ತೇವೆ. ಉಮರ್(ರ)ರ ಮೂರು ಪ್ರಶ್ನೆಗಳಲ್ಲಿ ಇರುವ ಸಾಮ್ಯವನ್ನು ಗಮನಿಸಿ. ನೆರೆಹೊರೆಯವನಿಗೆ ಮುಖವಾಡ ಹಾಕಿ ತೋರಿಸುವುದು ಹತ್ತು ವರ್ಷ ಸಾಧ್ಯವಿಲ್ಲ. ಪ್ರಯಾಣದಲ್ಲಿ ಹಸಿವು, ನಿದ್ದೆ, ಆಯಾಸಗಳ ನಡುವೆ ಮನುಷ್ಯ ತನ್ನ ನಿಜರೂಪದಲ್ಲಿರುತ್ತಾನೆ. ಹಣದ ವಿಷಯದಲ್ಲಿ ಪ್ರಾಮಾಣಿಕನಾಗಿರುವುದಕ್ಕೆ ಕೈಯಿಂದ ಬೆಲೆ ತೆರಬೇಕಾಗುತ್ತದೆ. ಅಂದರೆ ಒಳ್ಳೆಯತನಕ್ಕೆ ನಷ್ಟ ತಗಲುವ ಜಾಗದಲ್ಲಿ, ಅದೂ ಒಂದು ದಿನವಲ್ಲ, ವರ್ಷಗಟ್ಟಲೆ ಅವನು ಹೇಗೆ ನಡೆದುಕೊಂಡ ಎಂಬುದೇ ನಡತೆ. ಮಿಕ್ಕಿದ್ದು ಪರಿಚಯ ಮಾತ್ರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಐಎಂಎ 2006ರಲ್ಲಿ ಆರಂಭವಾದ ಸಂಸ್ಥೆ. ಹೂಡಿದವರಿಗೆ ವರ್ಷಗಳ ಕಾಲ ತಿಂಗಳು ತಿಂಗಳು ಹಣ ಬರುತ್ತಿತ್ತು. ದೀರ್ಘಕಾಲದ ನಡತೆ ನೋಡಿಯೇ ತಾನೇ ನಾವು ನಂಬಿದ್ದು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ಅವರು ಕಂಡದ್ದು ಹಣ ಬರುವುದನ್ನು, ಹಣ ಎಲ್ಲಿಂದ ಬರುತ್ತಿದೆ ಎಂಬುದನ್ನಲ್ಲ. ಹೊಸಬರು ತಂದ ಹಣದಿಂದ ಹಳಬರಿಗೆ ಲಾಭ ಹಂಚುವ ವ್ಯವಹಾರದಲ್ಲಿ ಕುಸಿತದ ದಿನದವರೆಗೂ ಪಾವತಿ ಸರಿಯಾಗಿಯೇ ಇರುತ್ತದೆ. ಕೊಡುವ ದಿನ ಎಲ್ಲರೂ ಒಳ್ಳೆಯವರೇ. ಪರೀಕ್ಷೆ ನಡೆಯುವುದು ಲೆಕ್ಕ ಕೇಳಿದ ದಿನ.

ಆ ಸಂಸ್ಥೆಯು ಹೂಡಿಕೆದಾರರನ್ನು ಠೇವಣಿದಾರರೆಂದು ಕರೆಯದೆ ಪಾಲುದಾರರೆಂದು ಕಾಗದದಲ್ಲಿ ಬರೆಯಿಸಿಕೊಂಡಿತ್ತು. ಪಾಲುದಾರನಿಗೆ ಲೆಕ್ಕಪುಸ್ತಕ ನೋಡುವ ಹಕ್ಕಿದೆ. ಲಾಭದಲ್ಲಿ ಪಾಲಿರುವಂತೆ ನಷ್ಟದಲ್ಲೂ ಹೊಣೆ ಇರುತ್ತದೆ. ಬಡ್ಡಿಯನ್ನು ನಿಷೇಧಿಸಿದ ಇಸ್ಲಾಮ್ ಪಾಲುದಾರಿಕೆಯನ್ನು ಅನುಮತಿಸಿರುವುದೇ ಈ ಹಕ್ಕು ಮತ್ತು ಹೊಣೆಗಳ ಆಧಾರದಲ್ಲಿ. ಸಾವಿರಾರು 'ಪಾಲುದಾರ'ರಲ್ಲಿ ಲೆಕ್ಕ ಕೇಳಿದವರೆಷ್ಟು ಮಂದಿ? ಯಾವ ಚಿನ್ನ, ಯಾವ ವ್ಯಾಪಾರ, ಬ್ಯಾಂಕ್ ಕೊಡುವುದಕ್ಕಿಂತ ಇಷ್ಟೊಂದು ಹೆಚ್ಚು ಲಾಭ ಪ್ರತಿ ತಿಂಗಳೂ ಹೇಗೆ ಬರುತ್ತದೆ ಎಂದು ಕೇಳಿದವರನ್ನು ನಾವೇ ನಮ್ಮ ಮನೆಯ ಜಗಲಿಯಲ್ಲಿ ಗದರಿಸಲಿಲ್ಲವೇ? ನಿನಗೆ ಮುಸ್ಲಿಮನೊಬ್ಬ ಮೇಲೆ ಬರುವುದು ಇಷ್ಟವಿಲ್ಲ ಎಂದು ಬಾಯಿ ಮುಚ್ಚಿಸಲಿಲ್ಲವೇ? 2018ರಲ್ಲಿಯೇ ಆಂಬಿಡೆಂಟ್ ಮತ್ತು ಹೀರಾ ಗೋಲ್ಡ್ ಸಂಸ್ಥೆಗಳ ಪ್ರಕರಣಗಳು ಬಯಲಾಗಿದ್ದವು. ಅಲ್ಲಿಯೂ ಬಡ್ಡಿರಹಿತ ಲಾಭದ ಮಾತೇ ಇತ್ತು. ಒಂದೇ ವರ್ಷದೊಳಗೆ ಅದೇ ಹಳ್ಳಕ್ಕೆ ಮತ್ತೆ ಬಿದ್ದೆವು.

ಹಣ ಕಳಕೊಂಡ ಬಡವನನ್ನು ಜರೆಯುವುದು ಈ ಲೇಖನದ ಉದ್ದೇಶವಲ್ಲ. ಬಡ್ಡಿಯಿಂದ ದೂರವಿರಬೇಕೆಂಬ ಅವನ ಹಂಬಲ ಗೌರವಾರ್ಹವಾದುದು. ಅವನು ತನಗಿಂತ ತಿಳಿದವರನ್ನು ಕೇಳಿದ. ಮಾಡಬೇಕಾದುದನ್ನೇ ಮಾಡಿದ. ಜರೆಯಬೇಕಾದುದು ಕೇಳಿಸಿಕೊಂಡವನನ್ನು, ಗೊತ್ತಿಲ್ಲ ಎಂದು ಹೇಳುವ ಬದಲು ಒಳ್ಳೆಯ ಮನುಷ್ಯ ಎಂದು ಹೇಳಿದವನನ್ನು. ಸುಳ್ಳು ಸಾಕ್ಷಿಯನ್ನು ಪ್ರವಾದಿ(ಸ) ಮಹಾ ಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ಅದನ್ನು ಹೇಳುವಾಗ ಒರಗಿ ಕುಳಿತಿದ್ದವರು ನೆಟ್ಟಗೆ ಕುಳಿತು, ಮತ್ತೆ ಮತ್ತೆ ಎಚ್ಚರಿಸಿದರೆಂದು ಹದೀಸ್ ಗ್ರಂಥಗಳು ದಾಖಲಿಸಿವೆ. ಸುಳ್ಳು ಸಾಕ್ಷಿ ಎಂದರೆ ನ್ಯಾಯಾಲಯದ ಕಟಕಟೆಯಲ್ಲಿ ಹೇಳುವುದು ಮಾತ್ರವೆಂದು ನಾವು ಭಾವಿಸಿದ್ದೇವೆ. ಗೊತ್ತಿಲ್ಲದವನ ಬಗ್ಗೆ ಗೊತ್ತಿದೆ ಎನ್ನುವುದು ಮತ್ತೇನು? ತಿಳಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದೂ ಕಿವಿ, ಕಣ್ಣು, ಹೃದಯಗಳು ಪ್ರಶ್ನಿಸಲ್ಪಡಲಿವೆಯೆಂದೂ ಪವಿತ್ರ ಕುರ್‌ಆನ್ ತನ್ನ 17ನೇ ಅಧ್ಯಾಯದಲ್ಲಿ ಎಚ್ಚರಿಸಿದೆ.

ವ್ಯಕ್ತಿಯ ನಡತೆಯನ್ನು ಅಳೆಯುವ ವಿಷಯದಲ್ಲಿ ಮುಸ್ಲಿಮರು ಬಡವರೇ? ಜಗತ್ತಿನ ಯಾವ ಸಮುದಾಯವೂ ಈ ವಿಷಯದಲ್ಲಿ ನಮ್ಮ ಪೂರ್ವಿಕರಷ್ಟು ಶ್ರಮ ಪಟ್ಟಿದೆಯೇ ಎಂಬುದು ಸಂಶಯ. ಪ್ರವಾದಿ(ಸ)ರ ಮಾತು ಎಂದು ಹೇಳಿ ಯಾರಾದರೂ ಒಂದು ವಾಕ್ಯ ಉದ್ಧರಿಸಿದರೆ, ಅವನಾರು, ಎಲ್ಲಿ ಬೆಳೆದ, ಯಾರಿಂದ ಕೇಳಿದ, ಅವನ ನೆನಪು ಹೇಗಿತ್ತು, ಮಾತಿನಲ್ಲಿ ಎಂದಾದರೂ ತಪ್ಪಿದ್ದನೇ ಎಂದು ವಿದ್ವಾಂಸರು ಊರೂರು ಅಲೆದು ವಿಚಾರಿಸಿದರು. ಇಬ್ನು ಹಜರ್, ಝಹಬಿ ಮುಂತಾದವರ ಗ್ರಂಥಗಳಲ್ಲಿ ಇಂತಹ ಸಾವಿರಾರು ವ್ಯಕ್ತಿಗಳ ವಿವರಗಳಿವೆ. ಮದೀನಾದ ಇಮಾಮ್ ಮಾಲಿಕ್‌ರು, ಪ್ರವಾದಿ ಮಸೀದಿಯ ಕಂಬಗಳ ಬಳಿ ಕುಳಿತು ಹದೀಸ್ ಹೇಳುತ್ತಿದ್ದ ಅನೇಕ ಸಜ್ಜನರಿಂದ ಒಂದನ್ನೂ ಸ್ವೀಕರಿಸಲಿಲ್ಲ. ಅವರ ಭಕ್ತಿಯಲ್ಲಿ ಸಂಶಯವಿದ್ದುದರಿಂದಲ್ಲ. ಭಕ್ತಿ ಒಂದು, ಈ ಕೆಲಸಕ್ಕೆ ಬೇಕಾದ ನಿಖರತೆ ಇನ್ನೊಂದು ಎಂಬುದು ಅವರಿಗೆ ತಿಳಿದಿದ್ದುದರಿಂದ.

ಇಮಾಮ್ ಬುಖಾರಿಯವರ ಗುರುಗಳಲ್ಲಿ ಒಬ್ಬರಾದ ಅಲಿ ಇಬ್ನುಲ್ ಮದೀನಿಯವರಲ್ಲಿ ಅವರ ತಂದೆಯ ಬಗ್ಗೆಯೇ ಕೇಳಲಾಯಿತು. ಬೇರೆಯವರನ್ನು ಕೇಳಿ ಎಂದರು. ಒತ್ತಾಯಿಸಿದಾಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ, ಇದು ಧರ್ಮದ ವಿಷಯ, ನನ್ನ ತಂದೆ ಈ ವಿಷಯದಲ್ಲಿ ದುರ್ಬಲರು ಎಂದು ಹೇಳಿದರು. ಈಜಿಪ್ಟಿನ ನ್ಯಾಯಾಧೀಶ ಇಬ್ನು ಲಹೀಅರ ಪುಸ್ತಕಗಳು ಬೆಂಕಿಗೆ ಆಹುತಿಯಾದ ಬಳಿಕ ಅವರ ವರದಿಗಳಲ್ಲಿ ತಪ್ಪುಗಳು ಹೆಚ್ಚಿದವೆಂದು ಗಮನಿಸಿದ ವಿದ್ವಾಂಸರು, ಆ ಮೊದಲು ಅವರಿಂದ ಕೇಳಿದವರು ಯಾರು, ಆ ನಂತರ ಕೇಳಿದವರು ಯಾರು ಎಂದು ಬೇರ್ಪಡಿಸಿ ನೋಡಿದರು. ಒಬ್ಬ ವ್ಯಕ್ತಿಯ ಬದುಕನ್ನು ಕಾಲಕ್ರಮದಲ್ಲಿ ಹೀಗೆ ಪರಿಶೀಲಿಸಿದ ಸಮುದಾಯ ಇಂದು ಒಂದು ಭಾಷಣ ಕೇಳಿ, ಒಂದು ಫೋಟೋ ನೋಡಿ ಮನುಷ್ಯನ ಬೆಲೆ ಕಟ್ಟುತ್ತಿದೆ.

ಹೀಗೆ ವಿಚಾರಿಸುವುದು ಪರದೂಷಣೆಯಾಗುವುದಿಲ್ಲವೇ, ಅನ್ಯರ ದೋಷ ಕೆದಕಬೇಡಿ ಎಂದು ಕುರ್‌ಆನ್ ಹೇಳಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನಮ್ಮಲ್ಲಿ ಈ ಪ್ರಶ್ನೆ ಹೆಚ್ಚಾಗಿ ಕೇಳಿಬರುವುದು ಮದುವೆಯ ಸಂದರ್ಭದಲ್ಲಿ. ಹೆಣ್ಣಿನ ಕಡೆಯವರು ಬಂದು ಹುಡುಗ ಹೇಗೆ ಎಂದು ಕೇಳುತ್ತಾರೆ. ಅವನು ಅಂಗಡಿಯ ಕೆಲಸದ ಹುಡುಗರ ಮೇಲೆ ಕೈ ಮಾಡುವುದನ್ನು ನಾವು ಎಷ್ಟೋ ಸಲ ಕಂಡಿರುತ್ತೇವೆ. ತಾಯಿಯ ಜೊತೆ ಅವನು ಮಾತಾಡುವ ಧಾಟಿ ಬೀದಿಗೇ ಗೊತ್ತು. ಆದರೂ ಯಾಕೆ ಒಬ್ಬರ ಮದುವೆ ಕೆಡಿಸಬೇಕು ಎಂದುಕೊಂಡು, ಹುಡುಗ ಒಳ್ಳೆಯವನು, ನಮಾಝ್ ತಪ್ಪಿಸುವುದಿಲ್ಲ ಎಂದು ಹೇಳಿ ಕಳುಹಿಸುತ್ತೇವೆ. ಆರು ತಿಂಗಳ ನಂತರ ಅದೇ ಹೆಣ್ಣುಮಗಳು ಮೈಮೇಲೆ ಬಾಸುಂಡೆಗಳೊಂದಿಗೆ ತವರಿಗೆ ಮರಳುತ್ತಾಳೆ. ನಮ್ಮ ಆ ಒಂದು ಮಾತಿಗೆ ಪುಣ್ಯ ಸಿಗುತ್ತದೆಂದು ಭಾವಿಸಿದ್ದೇವೆಯೇ?

ಪ್ರವಾದಿ(ಸ) ಏನು ಮಾಡಿದರು ಎಂದು ನೋಡಿ. ಫಾತಿಮಾ ಬಿನ್ತಿ ಖೈಸ್(ರ) ಎಂಬ ಮಹಿಳೆ ತನಗೆ ಬಂದ ವಿವಾಹ ಪ್ರಸ್ತಾಪಗಳ ಕುರಿತು ಅವರ ಸಲಹೆ ಕೇಳಿದರು. ಮುಆವಿಯರು ಬಡವರು, ಕೈಯಲ್ಲಿ ಹಣವಿಲ್ಲವೆಂದು ಪ್ರವಾದಿ(ಸ) ತಿಳಿಸಿದರು. ಅಬೂ ಜಹ್ಮ್‌ರು ಹೆಗಲಿನಿಂದ ಬೆತ್ತವನ್ನು ಇಳಿಸುವವರಲ್ಲವೆಂದೂ ಹೇಳಿದರು. ಬಳಿಕ ಉಸಾಮ(ರ)ರನ್ನು ವರಿಸಲು ಸಲಹೆ ನೀಡಿದರು. ಬೆತ್ತದ ಆ ಮಾತಿಗೆ ಹೆಂಡತಿಯನ್ನು ಹೊಡೆಯುವ ಸ್ವಭಾವದವರು ಎಂಬ ಅರ್ಥವನ್ನು ವಿದ್ವಾಂಸರು ನೀಡಿದ್ದಾರೆ. ಪ್ರಯಾಣದಲ್ಲೇ ಕಾಲ ಕಳೆಯುವವರು ಎಂಬ ವಿವರಣೆಯೂ ಇದೆ. ಯಾವ ಅರ್ಥ ತೆಗೆದುಕೊಂಡರೂ ಪ್ರವಾದಿ(ಸ) ಹೇಳಿದ್ದು ಒಂದು ದಿನದ ಘಟನೆಯನ್ನಲ್ಲ, ರೂಢಿಯಾಗಿಬಿಟ್ಟ ನಡತೆಯನ್ನು. ಈ ಇಬ್ಬರೂ ಅವರ ಅನುಯಾಯಿಗಳೇ. ಆದರೂ ಬದುಕು ಒಪ್ಪಿಸಲು ಹೊರಟ ಹೆಣ್ಣೊಬ್ಬಳ ಮುಂದೆ ಅದನ್ನು ಮುಚ್ಚಿಡಲಿಲ್ಲ. ಮದುವೆ, ಪಾಲುದಾರಿಕೆ, ಅಮಾನತ್ತು ಒಪ್ಪಿಸುವುದು ಮುಂತಾದ ಸಂದರ್ಭಗಳಲ್ಲಿ ಸಲಹೆ ಕೇಳಿದವರಿಗೆ ಇದ್ದುದನ್ನು ಇದ್ದಂತೆ ಹೇಳುವುದು ನಿಷಿದ್ಧ ಪರದೂಷಣೆಯಲ್ಲವೆಂದು ಇಮಾಮ್ ನವವಿಯವರು ತಮ್ಮ ರಿಯಾದುಸ್ಸಾಲಿಹೀನ್‌ನಲ್ಲಿ ವಿವರಿಸಿದ್ದಾರೆ. ಕೆಲಸವಿಲ್ಲದ ಸಂಜೆ ಕುಳಿತು ಪರರ ದೋಷ ಎಣಿಸುವುದು ಬೇರೆ. ಬಾವಿಯತ್ತ ನಡೆಯುವವನಿಗೆ ಬಾವಿಯಿದೆ ಎಂದು ಹೇಳುವುದು ಬೇರೆ. ನಾವು ಮೊದಲನೆಯದನ್ನು ಧಾರಾಳವಾಗಿ ಮಾಡುತ್ತೇವೆ, ಎರಡನೆಯದರ ಸಮಯ ಬಂದಾಗ ಧರ್ಮನಿಷ್ಠರಾಗಿಬಿಡುತ್ತೇವೆ.

ಈ ಅಳತೆಗೋಲಿಗೆ ಇನ್ನೊಂದು ತುದಿಯೂ ಇದೆ. ಒಂದು ಒಳ್ಳೆಯ ದಿನದಿಂದ ಮನುಷ್ಯ ಒಳ್ಳೆಯವನಾಗುವುದಿಲ್ಲವೆಂದಾದರೆ, ಒಂದು ಕೆಟ್ಟ ದಿನದಿಂದ ಅವನನ್ನು ಕೆಟ್ಟವನೆಂದು ಬರೆದುಹಾಕುವುದೂ ನ್ಯಾಯವಲ್ಲ. ಮಕ್ಕಾ ವಿಜಯದ ಮುನ್ನ ಹಾತಿಬ್ ಇಬ್ನು ಅಬೀ ಬಲ್ತಅ(ರ)ರು ಮುಸ್ಲಿಮರ ಸಿದ್ಧತೆಯನ್ನು ಕುರೈಶರಿಗೆ ತಿಳಿಸುವ ಪತ್ರವೊಂದನ್ನು ಗುಟ್ಟಾಗಿ ಕಳುಹಿಸಿದರು. ಪತ್ರ ಸಿಕ್ಕಿಬಿತ್ತು. ಉಮರ್(ರ) ಅವರ ತಲೆ ತೆಗೆಯಲು ಅನುಮತಿ ಕೋರಿದರು. ಯಾವ ದೇಶದಲ್ಲಾದರೂ ಇದಕ್ಕೆ ಸಿಗುವ ಹೆಸರು ದ್ರೋಹ. ಪ್ರವಾದಿ(ಸ) ಮಾತ್ರ ಮೊದಲು ಕಾರಣ ಕೇಳಿದರು. ಮಕ್ಕಾದಲ್ಲಿರುವ ತನ್ನ ಕುಟುಂಬಕ್ಕೆ ರಕ್ಷಣೆ ಸಿಗಲೆಂದು ಹಾಗೆ ಮಾಡಿದೆನೆಂದು ಅವರು ಒಪ್ಪಿಕೊಂಡಾಗ, ಪ್ರವಾದಿ(ಸ) ಅವರು ಬದ್ರ್‌ನಲ್ಲಿ ಪಾಲ್ಗೊಂಡುದನ್ನು ನೆನಪಿಸಿ ಕ್ಷಮಿಸಿದರು. ಜನರು ಓಡಿಹೋಗಬಹುದಾಗಿದ್ದ ದಿನ ನಿಂತವನ ಹಳೆಯ ದಾಖಲೆ, ಭಯದ ಒಂದು ಕ್ಷಣಕ್ಕಿಂತ ಭಾರವಾಗಿ ತೂಗಿತು. ನಮ್ಮಲ್ಲೋ, ಮೂವತ್ತು ವರ್ಷ ಮದ್ರಸದಲ್ಲಿ ಮಕ್ಕಳಿಗೆ ಕಲಿಸಿದ ಉಸ್ತಾದರನ್ನು ಒಂದು ಅಭಿಪ್ರಾಯಭೇದಕ್ಕಾಗಿ ಮರುದಿನವೇ ಗಂಟುಮೂಟೆ ಕಟ್ಟಿಸುವ ಆಡಳಿತ ಸಮಿತಿಗಳಿವೆ. ಅದೇ ಸಮಿತಿ ವರ್ಷಕ್ಕೊಮ್ಮೆಯೂ ಲೆಕ್ಕ ಮಂಡಿಸದ ಶ್ರೀಮಂತರನ್ನು, ಈದ್‌ಗೆ ಚಾಪೆ ಕೊಡಿಸಿದರೆಂಬ ಕಾರಣಕ್ಕೆ, ಪುನಃ ಪುನಃ ಅಧ್ಯಕ್ಷರನ್ನಾಗಿ ಆರಿಸುತ್ತದೆ.

ಮಸೀದಿಯಲ್ಲಿ ಕಲಿತ ಈ ಅಭ್ಯಾಸವನ್ನೇ ನಾವು ಮತಗಟ್ಟೆಗೆ ಒಯ್ಯುತ್ತೇವೆ. ರಮಝಾನ್‌ನಲ್ಲಿ ಟೋಪಿ ಧರಿಸಿ ಇಫ್ತಾರ್ ಕೂಟಕ್ಕೆ ಬಂದು ಖರ್ಜೂರ ತಿಂದ ರಾಜಕಾರಣಿಯನ್ನು ನಮ್ಮವರೆಂದು ಹೊಗಳುತ್ತೇವೆ. ಟೋಪಿ ಧರಿಸಲು ಅವರಿಗೆ ಯಾವ ನಷ್ಟವೂ ಇಲ್ಲ. ನಷ್ಟವಾಗುವ ದಿನಗಳಲ್ಲಿ ಅವರೆಲ್ಲಿದ್ದರು? 2022ರಲ್ಲಿ ಶಿರವಸ್ತ್ರದ ಕಾರಣಕ್ಕೆ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತಾಗ ಯಾರು ಬಾಯಿ ತೆರೆದರು, ಯಾರು ಊರಲ್ಲಿ ಇರಲಿಲ್ಲ? 2023ರ ಮಾರ್ಚ್‌ನಲ್ಲಿ ಆಗಿನ ರಾಜ್ಯ ಸರಕಾರವು 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಗೊಳಿಸಲು ಹೊರಟಾಗ ಯಾರು ಏನು ಹೇಳಿದರು? ಇದನ್ನು ಬರೆದಿಟ್ಟುಕೊಂಡ ಮೊಹಲ್ಲಾ ಒಂದಾದರೂ ಇದೆಯೇ?

ಈ ಮರೆವು ನಮ್ಮದು ಮಾತ್ರವೂ ಅಲ್ಲ. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹಗೊಂಡರು. ಆ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮರಳಿ ಸ್ಪರ್ಧಿಸಲು ಮಾತ್ರ ಅವಕಾಶ ನೀಡಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹೊಸ ಪಕ್ಷದ ಚಿಹ್ನೆಯೊಂದಿಗೆ ಕಣಕ್ಕಿಳಿದ 13 ಮಂದಿಯಲ್ಲಿ 11 ಮಂದಿ ಗೆದ್ದರು. ಒಂದೂವರೆ ವರ್ಷದ ಹಿಂದೆ ಮತದಾರನಿಗೆ ಕೊಟ್ಟ ಮಾತು ಮುರಿದವರಿಗೆ ಅದೇ ಮತದಾರ ಹಾರ ಹಾಕಿದ. ಅವರು ಮುಂದೆ ಮಾತು ಉಳಿಸಿಕೊಳ್ಳಬೇಕೆಂದು ನಿರೀಕ್ಷಿಸುವುದಾದರೂ ಯಾವ ಬಾಯಿಂದ? ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ಫಲವಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಮೇಲಿರುವ ಕ್ರಿಮಿನಲ್ ಪ್ರಕರಣಗಳನ್ನು, ಆಸ್ತಿಯನ್ನು, ವಿದ್ಯಾರ್ಹತೆಯನ್ನು ಪ್ರಮಾಣಪತ್ರದಲ್ಲಿ ಘೋಷಿಸಲೇಬೇಕು. ಒಬ್ಬನೇ ವ್ಯಕ್ತಿಯ ಮೂರು ಚುನಾವಣೆಗಳ ಪ್ರಮಾಣಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಹಲವು ವರ್ಷಗಳ ನಡತೆ ಕಣ್ಣ ಮುಂದೆ ಬರುತ್ತದೆ. ನಮ್ಮ ಸಮುದಾಯದಲ್ಲಿ ಓದಿದ ಯುವಕರಿಗೆ ಬರಗಾಲವಿಲ್ಲ. ಈ ಕೆಲಸವನ್ನು ಒಂದು ಸಂಜೆಯಲ್ಲಿ ಮಾಡಿ ಊರಿನ ಮುಂದಿಡಲು ಅವರಿಗೆ ಯಾರಾದರೂ ಹೇಳಿದ್ದಾರೆಯೇ?

ಅಂತಿಮ ಪ್ರವಾದಿ(ಸ)ರ ಬದುಕಿನಲ್ಲಿ ಈ ವಿಷಯಕ್ಕೆ ಎಲ್ಲಕ್ಕಿಂತ ದೊಡ್ಡ ನಿದರ್ಶನವಿದೆ. ಮೊದಲ ದಿವ್ಯವಾಣಿಯ ಅನುಭವದಿಂದ ನಡುಗುತ್ತಾ ಅವರು ಮನೆಗೆ ಬಂದಾಗ ಪತ್ನಿ ಖದೀಜಾ(ರ)ರು ಅವರನ್ನು ಸಾಂತ್ವನಗೊಳಿಸಿದ್ದು ಯಾವ ಆಧಾರದಲ್ಲಿ? ಅವರು ಸಂಬಂಧಿಕರನ್ನು ನೋಡಿಕೊಳ್ಳುವ, ನಿರ್ಗತಿಕರ ಭಾರ ಹೊರುವ, ಅತಿಥಿಗಳನ್ನು ಸತ್ಕರಿಸುವ, ಕಷ್ಟದಲ್ಲಿರುವವರಿಗೆ ನೆರವಾಗುವ ರೀತಿಯನ್ನು ಒಂದೊಂದಾಗಿ ಎಣಿಸಿ, ಇಂತಹವರನ್ನು ಅಲ್ಲಾಹನು ಕೈಬಿಡಲಾರನು ಎಂದರು. ಅದು ಸುಮಾರು ಹದಿನೈದು ವರ್ಷ ಒಂದೇ ಸೂರಿನಡಿ ಬಾಳಿದ, ಮದುವೆಗೆ ಮೊದಲೇ ಅವರ ಕೈಯಲ್ಲಿ ತನ್ನ ವ್ಯಾಪಾರವನ್ನು ಒಪ್ಪಿಸಿ ನೋಡಿದ್ದ ಹೆಣ್ಣಿನ ಸಾಕ್ಷಿ. ನೆರೆ, ಪ್ರಯಾಣ, ಹಣ ಎಂಬ ಉಮರ್(ರ)ರ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ. ಮಕ್ಕಾದ ವೈರಿಗಳೂ ಅವರನ್ನು ಅಲ್‌ಅಮೀನ್ ಎಂದು ಕರೆದದ್ದು ಒಂದು ಭಾಷಣ ಕೇಳಿ ಅಲ್ಲ. ಕೊಲ್ಲಲು ಸಂಚು ಹೂಡಿದವರ ಅಮಾನತ್ತುಗಳೂ ಅವರ ಮನೆಯಲ್ಲಿದ್ದವು. ಹಿಜ್‌ರತ್‌ನ ಆ ರಾತ್ರಿಯೂ ಅವನ್ನು ಹಿಂತಿರುಗಿಸಲೆಂದು ಅಲಿ(ರ)ರನ್ನು ಹಿಂದೆ ಬಿಟ್ಟು ಹೊರಟರು.

ಆ ಪ್ರವಾದಿಯ ಅನುಯಾಯಿಗಳಾದ ನಾವು ಇಂದೇ ಆರಂಭಿಸಬಹುದಾದ ಕೆಲಸಗಳಿವೆ. ಜಮಾಅತ್‌ನ ಲೆಕ್ಕಪತ್ರ ಪ್ರತಿ ವರ್ಷ ಜುಮಾದ ದಿನ ಓದಿ ಹೇಳುವಂತಾಗಲಿ. ಓದದ ಸಮಿತಿಯನ್ನು ಅದರ ದಾನಧರ್ಮ ನೋಡಿ ಕ್ಷಮಿಸದಿರೋಣ. ನಿಕಾಹ್‌ಗೆ ಮುನ್ನ ಹುಡುಗನ ಕೈಕೆಳಗೆ ದುಡಿದವರನ್ನು, ಅವನ ಜೊತೆ ಕೋಣೆ ಹಂಚಿಕೊಂಡವರನ್ನು, ಅವನಿಗೆ ಸಾಲ ಕೊಟ್ಟವರನ್ನು ವಿಚಾರಿಸೋಣ. ಹೆಣ್ಣಿನ ಕಡೆಯ ಬಗ್ಗೆಯೂ ಅದೇ ನ್ಯಾಯ. ಹೂಡಿಕೆಗೆ ಕರೆಯುವವನಲ್ಲಿ ಮೊದಲು ಲೆಕ್ಕಪುಸ್ತಕ ಕೇಳೋಣ. ಕೇಳಿದ್ದಕ್ಕೆ ಸಿಟ್ಟಾದರೆ ಉತ್ತರ ಸಿಕ್ಕಿತೆಂದು ತಿಳಿಯೋಣ. ವೇದಿಕೆ ಹತ್ತುವ ವಿದ್ವಾಂಸರಲ್ಲಿ ಒಂದು ವಿನಂತಿ: ಪಕ್ಕದ ಕುರ್ಚಿಯಲ್ಲಿ ಕುಳಿತವನನ್ನು ನೀವು ಬಲ್ಲಿರೋ ಇಲ್ಲವೋ ಎಂಬುದನ್ನು ಎದುರಿಗೆ ಕುಳಿತ ಬಡವ ಕೇಳುವುದಿಲ್ಲ. ನೀವು ಬಲ್ಲಿರೆಂದೇ ಅವನು ನಂಬುತ್ತಾನೆ.

ನಾಳೆ ಯಾರಾದರೂ ಮನೆ ಬಾಗಿಲಿಗೆ ಬಂದು ಇಂಥವರು ಹೇಗೆ ಎಂದು ಕೇಳಿದರೆ, ಬಾಯಿ ತೆರೆಯುವ ಮುನ್ನ ಆ ಮೂರು ಪ್ರಶ್ನೆಗಳನ್ನು ನಮ್ಮನ್ನೇ ಕೇಳಿಕೊಳ್ಳೋಣ. ಮೂರಕ್ಕೂ ಉತ್ತರ ಇಲ್ಲ ಎಂದಾದರೆ, ಮಸೀದಿಯಲ್ಲಿ ಕಂಡಿದ್ದೇನೆ, ಹೆಚ್ಚು ಗೊತ್ತಿಲ್ಲ ಎಂದು ಹೇಳೋಣ. ಈ ಮಾತಿನಿಂದ ಯಾರ ಮಾನವೂ ಹೋಗುವುದಿಲ್ಲ. ಈ ಮಾತನ್ನು 2019ಕ್ಕೆ ಮುನ್ನ ನಮ್ಮ ಹಿರಿಯರು ಧೈರ್ಯದಿಂದ ಹೇಳಿದ್ದರೆ ಆ ಜೂನ್ ತಿಂಗಳಲ್ಲಿ ಶಿವಾಜಿನಗರದ ಬೀದಿಯಲ್ಲಿ ಎಷ್ಟೋ ತಾಯಂದಿರು ನಿಲ್ಲಬೇಕಾಗಿ ಬರುತ್ತಿರಲಿಲ್ಲ.